‘ಟ್ಯಾಂಕು’ ಎಂಬ ಮಾತೂ ನಮ್ಮ ಕೆರೆಗಳೂ

ಒಂದು ಭಾಷೆಯನ್ನು ಕಲಿಯುವುದೆಂದರೆ ಆ ಭಾಷೆಯ ಮಾತುಗಳಿಗೆ ಅರ್ಥವನ್ನು ಉರುಹೊಡೆಯುವುದೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಒಂದು ಇಂಗ್ಲೀಷು ಮಾತು, ಅದರ ಎದುರಿಗೆ ಒಂದು ಕನ್ನಡ ಮಾತು, ನಡುವೆ ಒಂದು ಗೀಟು. ಇಂತಹ ಪಟ್ಟಿಗಳನ್ನು ಬರೆದು ಬರೆದು ಕೈ ನೋಯಿಸಿಕೊಳ್ಳದ ವಿದ್ಯಾರ್ಥಿನಿಯು ನಮ್ಮ ಪಾಠಶಾಲೆಯಲ್ಲಿ ಇದ್ದಿರಲಾರಳು. ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರಿಗೆ ಆ ಪಟ್ಟಿಗಳ ನೆನಪು ಇನ್ನೂ ಮಾಸಿರದು. ಪರೀಕ್ಷೆಗೆ ಅವು ಸಾಕು. ಬಾಳುವೆಗೆ ಸಾಲವು ಎಂಬುದು ನಮ್ಮ ಅಭಿಪ್ರಾಯ. ಒಂದೇ ಒಂದು ಮಾತನ್ನು ತೆಗೆದುಕೊಂಡು ಈ ವಿಷಯವನ್ನು ವಿಚಾರ ಮಾಡಿ ನೋಡೋಣ. ಅದು ನಮ್ಮ ಸೀಮೆಯಲ್ಲಿ ಓದುಬರಹ ತಿಳಿಯದವರ ಬಾಯಲ್ಲಿಯೂ ದಿನಕ್ಕೆ ಹತ್ತು ಸಲ ಬರತಕ್ಕ ‘ಟ್ಯಾಂಕು’ ಎಂಬ ಮಾತು.

ಕೆಲವು ಕಾಲದ ಹಿಂದೆ ಭಾಷಾಂತರದ ಪಾಠ ನಡೆಯುತ್ತಿದ್ದಾಗ, ಸೈನಿಕರು ಟ್ಯಾಂಕಿನಲ್ಲಿ ಕುಳಿತು ಊರೊಳಕ್ಕೆ ಬಂದರೆಂಬ ಅರ್ಥದ ಒಂದು ಇಂಗ್ಲೀಷು ವಾಕ್ಯವನ್ನು ಕೊಟ್ಟಿದ್ದೆವು. ಒಬ್ಬ ಹುಡುಗಿಯು ಸೈನಿಕರೆಲ್ಲರೂ ಕೆರೆಯಲ್ಲಿ ಕುಳಿತು ಬಂದರೆಂದು ಬರೆದಳು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆ ಹುಡುಗಿಯು ಮಾತ್ರ ನಗದೆ, “ಟೀಚರ್, ಹಿಂದಿನ ತರಗತಿಯಲ್ಲಿ ಟ್ಯಾಂಕು ಅಂದರೆ ಕೆರೆ ಅಂತ ತಾವೇ ಬರೆಸಿದಿರಿ” ಎಂದಳು. ಅವಳ ಪುಸ್ತಕವನ್ನು ತೆಗೆದು ನೋಡಿದರೆ ಹಾಗೆಯೇ ಇದ್ದಿತು. ನಕ್ಕುದಕ್ಕಾಗಿ ನಾವು ನಾಚಿಕೊಳ್ಳಬೇಕಾಯಿತು.

ಆ ದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಟ್ಯಾಂಕು ಎಂದರೆ ನಿಮ್ಮ ನಿಮ್ಮ ಊರಿನಲ್ಲಿ ಏನು, ಹೇಳಿ ಎಂದು ಹುಡುಗಿಯರನ್ನೇ ಕೇಳಿದೆವು. ಕೋಲಾರದವಳೊಬ್ಬಳು ಮನೆಯ ತಾರಸಿಯ ಮೇಲಿನ ಕಪ್ಪು ಸಿಂಟೆಕ್ಸ್ ಎಂದಳು. ಮಾಲೂರಿನ ಕಡೆಯವಳು ಇಟ್ಟಿಗೆಯ ಗೂಡಿಗೆ ನೀರು ತರುವ ಟ್ರ್ಯಾಕ್ಟರಿನ ಹಿಂದಿನ ಟ್ಯಾಂಕು ಎಂದಳು. ಶ್ರೀನಿವಾಸಪುರದವಳು, ತನ್ನ ತಂದೆಯು ಮಾವಿನ ಮರಗಳಿಗೆ ಔಷಧಿ ಹೊಡೆಯುವಾಗ ಬೆನ್ನಿಗೆ ಕಟ್ಟಿಕೊಳ್ಳುವುದು ಎಂದಳು. ಮುಳಬಾಗಿಲಿನವಳು ಊರಮುಂದೆ ಕಂಬಗಳ ಮೇಲೆ ನಿಂತಿರುವ ಸಿಮೆಂಟಿನ ಟ್ಯಾಂಕು ಎಂದಳು. ಎಲ್ಲವೂ ಸರಿಯಾದ ಉತ್ತರಗಳೇ. ಆದರೆ ನಲವತ್ತು ಮಂದಿ ಹುಡುಗಿಯರಲ್ಲಿ ಒಬ್ಬಳಾದರೂ ತನ್ನ ಊರಿನ ಕೆರೆಯನ್ನು ಹೆಸರಿಸಲಿಲ್ಲ. ಪಟ್ಟಿಯಲ್ಲಿ ಬರೆದುಕೊಂಡ ಅರ್ಥವು ಪುಸ್ತಕದಲ್ಲಿಯೇ ಉಳಿದಿತ್ತು. ಈ ಲೇಖನವನ್ನು ಬರೆಯುವಂತೆ ನಮ್ಮನ್ನು ಪ್ರೇರಿಸಿದುದು ಇದೇ.

ಈ ಮಾತು ಇಂಗ್ಲೀಷರದೆಂದು ನಾವು ತಿಳಿದಿರುವೆವಷ್ಟೆ. ವಾಸ್ತವವಾಗಿ ಅದು ನಮ್ಮ ದೇಶದಲ್ಲಿ ಅವರಿಗೆ ದೊರೆತುದು. 17ನೆಯ ಶತಮಾನದಲ್ಲಿ ವ್ಯಾಪಾರಕ್ಕಾಗಿ ಪಶ್ಚಿಮದ ಕರಾವಳಿಗೆ ಬಂದ ಇಂಗ್ಲೀಷರು ಅಲ್ಲಿ ಗುಜರಾತಿ ಮತ್ತು ಮರಾಠಿ ಜನರು ನೆಲದೊಳಗಿನ ನೀರಿನ ತೊಟ್ಟಿಯನ್ನು ‘ಟಾಂಕು’, ‘ಟಾಂಕೆ’ ಎಂದು ಕರೆಯುವುದನ್ನು ಕೇಳಿದರು. ಅದೇ ಕರಾವಳಿಯಲ್ಲಿ ಪೋರ್ಚುಗೀಸರು ಕೊಳಕ್ಕೆ ‘ಟಾಂಕೆ’ ಎಂಬ ತಮ್ಮದೇ ಮಾತನ್ನು ಬಳಸುತ್ತಿದ್ದರು. ಯಾವುದರಿಂದ ಯಾವುದು ಹುಟ್ಟಿತೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1886ರಲ್ಲಿ ಅಚ್ಚಾದ ‘ಹಾಬ್ಸನ್ ಜಾಬ್ಸನ್’ ಎಂಬ ಪ್ರಸಿದ್ಧವಾದ ಕೋಶದಲ್ಲಿ ಈ ಚರ್ಚೆಯನ್ನು ಕಾಣಬಹುದು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಜನರು ‘ನೀರಿನ ಟಾಕಿ’ ಎನ್ನುವರು. ಹೀಗೆ ನಮ್ಮ ನಾಡಿನಿಂದ ಹೊರಟ ಮಾತು ಲೋಕವನ್ನೆಲ್ಲ ಸುತ್ತಿ ಬಂದಿದೆ.

ಈ ಸುತ್ತಾಟದಲ್ಲಿ ಅದು ತಾಳಿದ ವೇಷಗಳು ಅನೇಕ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ಪ್ರಾಂತದ ಯುದ್ಧಭೂಮಿಯಲ್ಲಿ ಇಂಗ್ಲೀಷರ ಉಕ್ಕಿನ ರಥಗಳು ಮೊದಲ ಬಾರಿಗೆ ಕಾಣಿಸಿಕೊಂಡವು. ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಅವುಗಳನ್ನು ಕಟ್ಟುತ್ತಿದ್ದಾಗ ಗುಟ್ಟು ಹೊರಬೀಳದಿರಲೆಂದು, ಇವು ನೀರು ಸಾಗಿಸುವ ತೊಟ್ಟಿಗಳೆಂದು ಹೇಳಲಾಯಿತು. ಗುಟ್ಟಿಗಾಗಿ ಇಟ್ಟ ಸುಳ್ಳು ಹೆಸರೇ ನಿಜವಾದ ಹೆಸರಾಗಿ ನಿಂತಿತು. ಜೀವವನ್ನು ಕಾಯುವ ನೀರಿನ ಹೆಸರು ಜೀವವನ್ನು ತೆಗೆಯುವ ಯಂತ್ರಕ್ಕೆ ಬಂದುದು ಹೀಗೆ.

ಉಳಿದ ಅರ್ಥಗಳನ್ನು ಬೇಗನೆ ನೋಡಿಬಿಡೋಣ. ತನಗೆ ಬೇಕಾದ ನೀರನ್ನು ತನ್ನ ಮೈಮೇಲೆಯೇ ಹೊತ್ತು ಓಡುತ್ತಿದ್ದ ಉಗಿಬಂಡಿಗೆ ಟ್ಯಾಂಕ್ ಎಂಜಿನ್ ಎಂದು ಹೆಸರಿತ್ತು. ಮೋಟಾರು ಬಂಡಿಯಲ್ಲಿ ಪೆಟ್ರೋಲಿನ ಟ್ಯಾಂಕು, ಸಿರಿವಂತರ ಮನೆಯಲ್ಲಿ ಮೀನಿನ ಟ್ಯಾಂಕು. ಈಜುಕೊಳಕ್ಕೂ ಹಿಂದೆ ಇದೇ ಮಾತು ಇದ್ದುದರಿಂದ, ಈಜುವ ಉಡುಪನ್ನು ಹೋಲುವ ತೋಳಿಲ್ಲದ ಮೇಲಂಗಿಗೆ ಟ್ಯಾಂಕ್ ಟಾಪ್ ಎಂಬ ಹೆಸರು ಬಂದಿತು. ಪಂಡಿತರು ಕೂಡಿ ಸರಕಾರಗಳಿಗೆ ಆಲೋಚನೆ ಹೇಳುವ ಸಂಸ್ಥೆಗೆ ಥಿಂಕ್ ಟ್ಯಾಂಕ್ ಎನ್ನುವರು. ನಮ್ಮ ಕನ್ನಡ ಪತ್ರಿಕೆಗಳು ಅದನ್ನು ‘ಚಿಂತಕರ ಚಾವಡಿ’ ಎಂದು ಬಹು ಸೊಗಸಾಗಿ ಕನ್ನಡಿಸಿರುವುವು. ಷೇರುಗಳ ಬೆಲೆ ಕುಸಿದರೆ ಅದಕ್ಕೂ ಟ್ಯಾಂಕು. ಆಟಗಾರನು ಬೇಕೆಂದೇ ಸೋತರೆ ಅದಕ್ಕೂ ಟ್ಯಾಂಕು. ಇನ್ನು ಮಲದ ಗುಂಡಿಗೂ ಸೆಪ್ಟಿಕ್ ಟ್ಯಾಂಕ್ ಎನ್ನುವೆವು. ರಕ್ಷಣೆಯ ಸಲಕರಣೆಯಿಲ್ಲದೆ ಅದರೊಳಕ್ಕೆ ಮನುಷ್ಯನನ್ನು ಇಳಿಸಕೂಡದೆಂದು 2013ರ ಕಾನೂನು ನಿಷೇಧಿಸಿದ್ದರೂ ಇಳಿದವರು ಉಸಿರುಕಟ್ಟಿ ಸತ್ತ ವಾರ್ತೆಯನ್ನು ನಾವು ಆಗಾಗ್ಗೆ ಓದುತ್ತಲೇ ಇರುವೆವು. ಒಂದೇ ಮಾತು ಎಷ್ಟು ಕಡೆ ಹೋಗಬಲ್ಲುದೆಂಬುದಕ್ಕೆ ಇಷ್ಟು ನಿದರ್ಶನಗಳು ಸಾಕು.

ಮೂಲದ ಅರ್ಥಕ್ಕೆ ಮರಳೋಣ. ಇಂಗ್ಲೀಷರು ಮೈಸೂರು ಸೀಮೆಗೆ ಬಂದಾಗ ಇಲ್ಲಿ ಕಂಡ ನೀರಿನ ನೆಲೆಗಳಿಗೆಲ್ಲ ಈ ಒಂದೇ ಮಾತನ್ನು ಅನ್ವಯಿಸಿದರು. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಪಂಡಿತರು 1894ರಲ್ಲಿ ಪ್ರಕಟಿಸಿದ ಮಹಾನಿಘಂಟಿನಲ್ಲಿಯೂ ಕೆರೆ ಎಂದರೆ ಟ್ಯಾಂಕು. ಅವರನ್ನು ದೂರಲಾಗದು, ಅವರ ದೇಶದಲ್ಲಿ ಇಂತಹ ವಸ್ತುವೇ ಇಲ್ಲದಿದ್ದುದರಿಂದ ಅವರ ಭಾಷೆಯಲ್ಲಿ ಬೇರೆ ಮಾತಿರಲಿಲ್ಲ. ನಮ್ಮಲ್ಲಿ ಮಾತುಗಳಿಗೇನು ಬಡತನ? ಕೆರೆ ಬೇರೆ, ಕಟ್ಟೆ ಬೇರೆ, ಕುಂಟೆ ಬೇರೆ. ದನಕರುಗಳು ನೀರು ಕುಡಿಯಲು ಗೋಕಟ್ಟೆ, ದೇವಸ್ಥಾನದ ಮುಂದೆ ಕಲ್ಯಾಣಿ, ಮನೆಯಲ್ಲಿ ತೊಟ್ಟಿ. ಕೆರೆಯೊಂದಕ್ಕೇ ಎಷ್ಟು ಅಂಗಗಳು! ನೀರನ್ನು ತಡೆದು ನಿಲ್ಲಿಸುವುದು ಏರಿ; ನೀರನ್ನು ಗದ್ದೆಗೆ ಬಿಡುವುದು ತೂಬು; ಹೆಚ್ಚಾದ ನೀರು ಹೊರಕ್ಕೆ ಹರಿಯುವುದು ಕೋಡಿ; ಮಳೆಯ ನೀರನ್ನು ಕೆರೆಗೆ ತರುವುದು ರಾಜಕಾಲುವೆ; ಕೆರೆಯ ಕೆಳಗೆ ಸಾಗುವಳಿಯಾಗುವ ಭೂಮಿ ಅಚ್ಚುಕಟ್ಟು; ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿ ಬಿಡುವವನು ನೀರಗಂಟಿ.

ನಮ್ಮದು ಗಡಿಯ ಜಿಲ್ಲೆಯಾದ ಕಾರಣ ಈ ಮಾತುಗಳಲ್ಲಿ ಮತ್ತೊಂದು ವಿನೋದವಿದೆ. ಮನೆಯಲ್ಲಿ ತೆಲುಗು ಮಾತನಾಡುವ ಹುಡುಗಿಗೆ ಕೆರೆಯು ‘ಚೆರುವು’. ಉರ್ದು ಮಾತನಾಡುವವಳಿಗೆ ‘ತಾಲಾಬ್’. ಕನ್ನಡದಲ್ಲಿ ಏರಿ ಎಂದರೆ ಮಣ್ಣಿನ ಕಟ್ಟು. ತಮಿಳಿನಲ್ಲಿ ಅದೇ ಏರಿ ಎಂದರೆ ಕೆರೆಯೇ. ತೆಲುಗಿನವರಿಗೆ ‘ಕಟ್ಟ’ ಎಂದರೆ ಏರಿ. ನಮಗೆ ಕಟ್ಟೆ ಎಂದರೆ ನೀರು ನಿಂತ ಸ್ಥಳ. ಒಂದೇ ಬೆಂಚಿನ ಮೇಲೆ ಕುಳಿತ ನಾಲ್ವರು ಹುಡುಗಿಯರು ನಾಲ್ಕು ಭಾಷೆಗಳಿಂದ ಒಂದೇ ಕೆರೆಯ ಬಳಿಗೆ ಬರುವರು. ಭಾಷಾಂತರದ ಪಾಠಕ್ಕೆ ಇದಕ್ಕಿಂತಲೂ ಉತ್ತಮವಾದ ಸಾಮಗ್ರಿಯು ಯಾವ ಪಠ್ಯಪುಸ್ತಕದಲ್ಲಿದೆ?

ಕೆರೆಯ ಅಂಗಗಳ ಹೆಸರುಗಳನ್ನು ಮತ್ತೊಮ್ಮೆ ಗಮನಿಸಿರಿ. ಅವುಗಳಲ್ಲಿ ಪ್ರತಿಯೊಂದೂ ಒಂದು ಕರ್ತವ್ಯವನ್ನು ಸೂಚಿಸುತ್ತದೆ. ಏರಿಯಿದ್ದಲ್ಲಿ ಅದಕ್ಕೆ ಮಣ್ಣು ಹಾಕುವವರಿರಬೇಕು, ಕಾಲುವೆಯಿದ್ದಲ್ಲಿ ಹೂಳೆತ್ತುವವರಿರಬೇಕು, ತೂಬಿದ್ದಲ್ಲಿ ಕಾಯುವವನಿರಬೇಕು, ಕೋಡಿಯಿದ್ದಲ್ಲಿ ಕೆಳಗಿನ ಊರಿಗೆ ನೀರು ಬಿಟ್ಟುಕೊಡುವ ಮನಸ್ಸಿರಬೇಕು. ಕೆರೆಯನ್ನು ದುರಸ್ತಿಯಲ್ಲಿಡುವುದಕ್ಕಾಗಿ ಬಿತ್ತುವಟ್ಟವೆಂದೂ ಕಟ್ಟುಕೊಡಗೆಯೆಂದೂ ಭೂಮಿಯನ್ನು ಬಿಟ್ಟ ಸಂಗತಿಯು ನಮ್ಮ ಸೀಮೆಯ ಶಿಲಾಶಾಸನಗಳಲ್ಲಿ ಕಾಣಬರುತ್ತದೆ. ಆದರೆ ಟ್ಯಾಂಕು ಎಂಬ ಮಾತಿನಲ್ಲಿ ಇಂತಹ ಕರ್ತವ್ಯದ ಸೂಚನೆ ಯಾವುದೂ ಇಲ್ಲ. ಟ್ಯಾಂಕು ಒಂದು ಪಾತ್ರೆ. ಪಾತ್ರೆಯನ್ನು ಯಾರೋ ತುಂಬಿಸುವರು. ನಾವು ನಲ್ಲಿಯನ್ನು ತಿರುಗಿಸುವೆವು.

ಕೋಲಾರ ಜಿಲ್ಲೆಗೆ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಪಾಲಾರ್ ನದಿಯು ಇಲ್ಲಿ ನದಿಯಾಗಿ ಹರಿಯುವುದಕ್ಕಿಂತ ಹೆಚ್ಚಾಗಿ ಕೆರೆಯಿಂದ ಕೆರೆಗೆ ಇಳಿಯುತ್ತಾ ಹೋಗುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಅದು ಕೋಡಿ ಬಿದ್ದರೆ ಅದರ ಕೆಳಗಿನದಕ್ಕೆ. ಹಿಂದೆ ವಿಜಯಾದಿತ್ಯಮಂಗಲವೆಂಬ ಹೆಸರಿದ್ದ ಬೇತಮಂಗಲದ ದೊಡ್ಡ ಕೆರೆಯೂ ಅದರ ಕೆಳಗಿನ ರಾಮಸಾಗರವೂ ಈ ಸರಪಣಿಯಲ್ಲಿ ಸೇರಿದವು. ಕೋಲಾರದ ಚಿನ್ನದ ಗಣಿಗಳ ಜನರು ಬಹು ಕಾಲ ಕುಡಿದುದು ಬೇತಮಂಗಲದ ನೀರನ್ನೇ. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಎಂಬವರು 1866ರಲ್ಲಿಯೇ, ಈ ಸಂಸ್ಥಾನದಲ್ಲಿ ಹೊಸದಾಗಿ ಒಂದು ಕೆರೆ ಕಟ್ಟುವುದಕ್ಕೆ ಸ್ಥಳ ಹುಡುಕಬೇಕಾದರೆ ಬಹಳ ಜಾಣತನ ಬೇಕು, ಅಷ್ಟರಮಟ್ಟಿಗೆ ಹಿಂದಿನವರು ಎಲ್ಲೆಲ್ಲಿಯೂ ಕೆರೆಗಳನ್ನು ಕಟ್ಟಿಬಿಟ್ಟಿರುವರು ಎಂಬ ಅಭಿಪ್ರಾಯವನ್ನು ತಿಳಿಸಿದ್ದರು. 1882ರಲ್ಲಿ ಬೆಂಗಳೂರಿನಲ್ಲಿ ನಿರ್ಮಾಣವಾದ ಸ್ಯಾಂಕಿ ಟ್ಯಾಂಕಿಗೆ ಅವರ ಹೆಸರೇ ಇದೆ.

ಇಷ್ಟು ಹೇಳಿದುದರಿಂದ ಹಿಂದಿನ ಕಾಲವೆಲ್ಲ ಬಂಗಾರದ ಕಾಲವಾಗಿತ್ತೆಂದು ನಾವು ಸಾಧಿಸುವೆವೆಂದು ಯಾರೂ ತಿಳಿಯಬಾರದು. ಕೆರೆಯು ಊರಿಗೆಲ್ಲ ಸೇರಿದುದೆಂಬ ಮಾತು ಬಹುಕಾಲ ಪೂರ್ಣವಾಗಿ ನಿಜವಾಗಿರಲಿಲ್ಲ. ನೀರಗಂಟಿಯ ದುಡಿಮೆಯು ಬಹುಮಟ್ಟಿಗೆ ದಲಿತ ಕುಟುಂಬಗಳ ಪಾಲಿಗೆ ಬಂದಿದ್ದಿತು. ಆದರೆ ಊರಿನ ಕುಡಿಯುವ ನೀರಿನ ನೆಲೆಯನ್ನು ಅದೇ ಜನರು ಮುಟ್ಟಕೂಡದೆಂಬ ಕಟ್ಟಳೆ ಎಷ್ಟೋ ಕಡೆ ಇದ್ದಿತು. ಮಹಾರಾಷ್ಟ್ರದ ಮಹಾಡ್ ಪಟ್ಟಣದಲ್ಲಿ ಡಾಕ್ಟರ್ ಅಂಬೇಡ್ಕರರು 1927ರ ಮಾರ್ಚ್ 20ರಂದು ಸಾವಿರಾರು ಜನರೊಡನೆ ನಡೆದುಹೋಗಿ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಇಂಗ್ಲೀಷಿನ ಚರಿತ್ರೆಯ ಪುಸ್ತಕಗಳಲ್ಲಿ ಆ ಕೆರೆಯ ಹೆಸರು ಚವದಾರ್ ಟ್ಯಾಂಕ್. ಟ್ಯಾಂಕು ಎಂಬ ಮಾತಿನ ಅರ್ಥಗಳ ಪಟ್ಟಿಯಲ್ಲಿ ‘ಮನುಷ್ಯನ ಹಕ್ಕು’ ಎಂಬುದನ್ನೂ ಸೇರಿಸಬೇಕೆಂದು ನಮ್ಮ ಹುಡುಗಿಯರಿಗೆ ನಾವು ಹೇಳುವೆವು.

ಹೆಣ್ಣುಮಕ್ಕಳ ಪಾಡನ್ನೂ ಮರೆಯಲಾಗದು. ಕೆರೆಯಲ್ಲಿ ನೀರು ನಿಲ್ಲಲೆಂದು ಮನೆಯ ಕಿರಿಯ ಸೊಸೆಯನ್ನು ಬಲಿಕೊಟ್ಟ ‘ಕೆರೆಗೆ ಹಾರ’ದ ಕಥೆಯನ್ನು ಕೇಳದ ಕನ್ನಡಿತಿಯಾರು? ಅದು ಕಥೆಯೆಂದು ಬಿಟ್ಟರೂ, ತಲೆಯ ಮೇಲೊಂದು ಕಂಕುಳಲ್ಲೊಂದು ಬಿಂದಿಗೆ ಹೊತ್ತು ಏರಿಯನ್ನು ಹತ್ತಿ ಇಳಿದವರು ನಮ್ಮ ತಾಯಂದಿರೇ. ಊರೂರಿಗೂ ಕಂಬದ ಮೇಲಿನ ಟ್ಯಾಂಕು ಬಂದಾಗ, ಬೀದಿಗೆ ನಲ್ಲಿ ಬಂದಾಗ, ಎಷ್ಟೋ ಹುಡುಗಿಯರಿಗೆ ಬೆಳಗಿನ ಹೊತ್ತು ಉಳಿಯಿತು. ಆ ಹೊತ್ತಿನಲ್ಲಿಯೇ ಅವರು ಪಾಠಶಾಲೆಗೆ ಬಂದರು. ಆದುದರಿಂದ ಸಿಮೆಂಟಿನ ಟ್ಯಾಂಕನ್ನು ನಾವು ಹಳಿಯೆವು. ಅದರಿಂದ ಆದ ಉಪಕಾರವು ದೊಡ್ಡದು.

ನಮ್ಮ ಆಕ್ಷೇಪಣೆಯಿರುವುದು ಮತ್ತೊಂದು ವಿಷಯದಲ್ಲಿ. ಕಂಬದ ಮೇಲಿನ ಟ್ಯಾಂಕಿಗೆ ನೀರು ಎಲ್ಲಿಂದ ಬರುವುದೆಂಬ ಪ್ರಶ್ನೆಯನ್ನು ನಾವು ಕೇಳದೆ ಹೋದೆವು. ಅದು ಕೊಳವೆಬಾವಿಯಿಂದ ಬಂದಿತು. ಕೊಳವೆಬಾವಿಗೆ ನೀರನ್ನು ಇಂಗಿಸಿಕೊಡುತ್ತಿದ್ದುದು ಕೆರೆ. ಕೆರೆಯ ಕಾಲುವೆ ಮುಚ್ಚಿತು. ಅಂಗಳಕ್ಕೆ ಒತ್ತುವರಿಯೂ ಜಾಲಿಯೂ ನುಗ್ಗಿದವು. ಇಟ್ಟಿಗೆಗೆಂದು ಮಣ್ಣನ್ನು ಅಳತೆಯಿಲ್ಲದೆ ಅಗೆದುದೂ ಉಂಟು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನಮ್ಮ ಜಿಲ್ಲೆಯ ಹೊಲಗಳಿಗೆಲ್ಲ ನೀಲಗಿರಿಯು ಬಂದಿತು; 2017ರಲ್ಲಿ ಸರಕಾರವು ಅದನ್ನು ಹೊಸದಾಗಿ ನೆಡಕೂಡದೆಂದು ತಡೆಯಿತು. ಅಷ್ಟರೊಳಗೆ ಕೊಳವೆಬಾವಿಗಳು ಸಾವಿರ ಅಡಿಗಳನ್ನು ದಾಟಿ ಇಳಿದಿದ್ದುವು, ಬಂದ ನೀರಿನಲ್ಲಿ ಫ್ಲೋರೈಡು ಸೇರಿದ್ದಿತು. ಆಗ ಈ ಮಾತಿಗೆ ಮತ್ತೊಂದು ರೂಪವು ಹುಟ್ಟಿತು, ಅದೇ ಟ್ಯಾಂಕರು. ಟ್ಯಾಂಕರು ಬರುವ ಹೊತ್ತು ಗೊತ್ತಿಲ್ಲದುದರಿಂದ ಕಾಯುವುದಕ್ಕೆ ಮನೆಯಲ್ಲಿ ಒಬ್ಬರಿರಬೇಕು. ಆ ಒಬ್ಬರು ಯಾರೆಂಬುದು ಬೇಸಿಗೆಯ ತಿಂಗಳುಗಳ ಹಾಜರಿ ಪುಸ್ತಕವನ್ನು ನೋಡಿದ ಉಪಾಧ್ಯಾಯಿನಿಯರಿಗೆಲ್ಲ ತಿಳಿದ ವಿಷಯ. ತಾಯಿಯ ತಲೆಯಿಂದ ಇಳಿದ ಬಿಂದಿಗೆಯು ಮಗಳ ಕೈಗೆ ಮರಳಿ ಬಂದಿತು.

2018ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೊಳವೆಗಳ ಮೂಲಕ ನಮ್ಮ ಲಕ್ಷ್ಮೀಸಾಗರದ ಕೆರೆಗೆ ತರಲಾಯಿತು. ದಿನಕ್ಕೆ 440 ದಶಲಕ್ಷ ಲೀಟರು ನೀರು, ಒಟ್ಟು 126 ಕೆರೆಗಳು ಎಂಬುದು ಮೊದಲ ಹಂತದ ಯೋಜನೆ. ಆ ವರ್ಷವೇ ನೀರಿನಲ್ಲಿ ನೊರೆ ಕಾಣಿಸಿಕೊಂಡು ವ್ಯಾಜ್ಯವು ಉಚ್ಚ ನ್ಯಾಯಾಲಯಕ್ಕೂ, ಆಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡು ಸಂತೋಷಪಟ್ಟ ರೈತರೂ ಇರುವರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕೆಂದು ಒತ್ತಾಯಿಸುವವರೂ ಇರುವರು. ಎರಡನೆಯವರ ಒತ್ತಾಯವು ನ್ಯಾಯವಾದುದೆಂದು ನಾವು ಭಾವಿಸುತ್ತೇವೆ. ಆದರೆ ನಮ್ಮ ವಿಷಯಕ್ಕೆ ಬೇಕಾದ ಮಾತು ಇಷ್ಟೇ: ಕೊಳವೆಯಿಂದ ತುಂಬುವುದು ಟ್ಯಾಂಕು, ಕಾಲುವೆಯಿಂದ ತುಂಬುವುದು ಕೆರೆ. ಕೊಳವೆಯ ನೀರು ಬಂದಿತೆಂದು ಕಾಲುವೆಯನ್ನು ಮರೆತರೆ ನಮ್ಮ ಹಿರಿಯರ ಕೆರೆಗಳು ಪೂರ್ತಿಯಾಗಿ ಟ್ಯಾಂಕುಗಳಾಗಿ ಬಿಡುವುವು.

ಹೆಸರಿನಿಂದ ಏನಾಗುವುದು, ಹೆಸರು ಹೇಳಿದರೆ ಕೆರೆ ತುಂಬುವುದೇ ಎಂದು ಕೆಲವರು ಕೇಳಬಹುದು. ಹೆಸರಿನಿಂದ ಕೆರೆ ತುಂಬದು, ನಿಜ. ಆದರೆ ಹೆಸರು ಹೋದ ವಸ್ತುವನ್ನು ಕಾಯುವವರಿಲ್ಲ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದಲ್ಲಿ ಕ್ರೀಡಾಂಗಣವಿದೆ. ಉಳಿದ ಕೆರೆಗಳ ದಡದಲ್ಲಿ ಮನೆ ಮಾರುವವರು ‘ಲೇಕ್ ವ್ಯೂ’ ಎಂದು ಹಲಗೆ ಹಾಕುವರಲ್ಲದೆ ಟ್ಯಾಂಕಿನ ನೋಟವೆಂದು ಹಾಕುವವರಿಲ್ಲ. ನೋಡುವುದಕ್ಕೆ ಲೇಕು, ತುಂಬಿಸುವುದಕ್ಕೆ ಟ್ಯಾಂಕು. ಬಳಸಿ ಕಾಪಾಡುವುದಕ್ಕೆ ಇದ್ದ ಮಾತು ಕೆರೆ; ಅದನ್ನೇ ನಾವು ಬಿಟ್ಟುಬಿಡುತ್ತಿರುವೆವು.

ಹಾಗಾದರೆ ಇಂಗ್ಲೀಷನ್ನು ಬಿಡಬೇಕೇ? ಎಂದಿಗೂ ಇಲ್ಲ. ನಮ್ಮ ಪಾಠಶಾಲೆಯು ಹೆಣ್ಣುಮಕ್ಕಳಿಗೆ ಇಂಗ್ಲೀಷನ್ನು ಕಲಿಸಿ ಎಷ್ಟೋ ಮನೆಗಳಿಗೆ ಬೆಳಕು ತಂದಿದೆ. ಕೆರೆಗೆ ಸಂಬಂಧಿಸಿದ ವರದಿಗಳೂ ತೀರ್ಪುಗಳೂ ಇಂಗ್ಲೀಷಿನಲ್ಲಿಯೇ ಇರುವುದರಿಂದ, ಅವನ್ನೋದಿ ಪ್ರಶ್ನೆ ಕೇಳಬಲ್ಲ ಹುಡುಗಿಯು ನಮ್ಮ ಜಿಲ್ಲೆಗೆ ಬೇಕು. ಆಕೆಗೆ ಟ್ಯಾಂಕು ಎಂಬುದರ ಎಲ್ಲ ಅರ್ಥಗಳೂ ತಿಳಿದಿರಲಿ. ಅದರೊಡನೆ ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳೂ ತಿಳಿದಿರಲಿ ಎಂಬುದೇ ನಮ್ಮ ವಾದ. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರೂ ಇಂಗ್ಲೀಷನ್ನು ಚೆನ್ನಾಗಿ ಬಲ್ಲವರಾಗಿದ್ದು ಕನ್ನಡಕ್ಕಾಗಿ ದುಡಿದರು. ಒಂದನ್ನು ಕಲಿಯಲು ಮತ್ತೊಂದನ್ನು ಮರೆಯಬೇಕಾದುದಿಲ್ಲವೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಇಂತಹ ಸಾಕ್ಷಿಗಳಿರುವಾಗ ದೂರ ಹೋಗುವುದೇಕೆ?

ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮದೊಂದು ಬಿನ್ನಹ. ಮುಂದಿನ ರಜೆಯಲ್ಲಿ ನಿಮ್ಮ ಮಕ್ಕಳನ್ನು ಒಂದು ಸಾಯಂಕಾಲ ನಿಮ್ಮ ಊರಿನ ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋಗಿರಿ. ತೂಬೆಲ್ಲಿ, ಕೋಡಿಯೆಲ್ಲಿ, ನೀರು ಬರುವ ಕಾಲುವೆ ಯಾವುದು, ಅದು ಈಗ ತೆರೆದಿದೆಯೇ ಎಂದು ತೋರಿಸಿರಿ. ನಿಮಗೇ ತಿಳಿಯದಿದ್ದರೆ ಊರಿನ ಹಿರಿಯರನ್ನು ಕೇಳಿರಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಮಗಳು ಆ ಹೆಸರುಗಳನ್ನು ಮನೆಯ ಭಾಷೆಯಲ್ಲಿಯೂ ಕನ್ನಡದಲ್ಲಿಯೂ ಇಂಗ್ಲೀಷಿನಲ್ಲಿಯೂ ಬರೆದು ತರಲಿ. ಮುಚ್ಚಿದ ಕಾಲುವೆಯನ್ನು ಕಂಡರೆ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿಯನ್ನೂ ಅವಳೇ ಬರೆಯಲಿ. ಅಂತಹ ಅರ್ಜಿಗಿಂತ ಒಳ್ಳೆಯ ಪ್ರಬಂಧವನ್ನು ನಾವು ಯಾವ ಪರೀಕ್ಷೆಯಲ್ಲಿಯೂ ಬರೆಸಲಾರೆವು.

ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ವಿದ್ಯಾರ್ಥಿನಿಯರು ಕೇಳುವ ಸತ್ಯವೇದದ ಭಾಗಗಳಲ್ಲಿ ಪ್ರವಾದಿಯಾದ ಯೆರೆಮೀಯನ ಒಂದು ದೂರು ಬರುತ್ತದೆ. ಜೀವಜಲದ ಬುಗ್ಗೆಯನ್ನು ತೊರೆದು, ನೀರು ನಿಲ್ಲದ ಒಡಕು ತೊಟ್ಟಿಗಳನ್ನು ಕೊರೆದುಕೊಂಡ ಜನರನ್ನು ಕುರಿತು ಅವನು ದುಃಖಿಸುತ್ತಾನೆ. ಅವನು ಹೇಳಿದುದು ದೇವರನ್ನು ಮರೆತ ಮನಸ್ಸನ್ನು ಕುರಿತು. ಆದರೆ ಬರಗಾಲವನ್ನು ಕಂಡ ನಮ್ಮ ಸೀಮೆಯವರಿಗೆ ಆ ಮಾತಿನ ಹೊರಗಿನ ಅರ್ಥವೂ ಚೆನ್ನಾಗಿ ತಿಳಿಯುತ್ತದೆ. ಸೈನಿಕರು ಕೆರೆಯಲ್ಲಿ ಕುಳಿತು ಬಂದರೆಂದು ಬರೆದ ಆ ಹುಡುಗಿಗೆ ನಾವು ಅಂದು ಒಂದು ಅಂಕವನ್ನು ಕಳೆದಿದ್ದೆವು. ಟ್ಯಾಂಕು ಎಂದೊಡನೆ ಕೆರೆಯನ್ನು ನೆನೆದವಳು ಅವಳೊಬ್ಬಳೇ ಎಂಬುದನ್ನು ಆಮೇಲೆ ಯೋಚಿಸಿ, ಆ ಅಂಕವನ್ನು ಹಿಂದಕ್ಕೆ ಕೊಟ್ಟೆವು.